ಅಕ್ಕ ನೀರು ಕುಡಿಯುತ್ತಿರಲಿಲ್ಲ

ಮುಲುಂಡ್‌ನಿಂದ ಬೈಕುಲ್ಲಾಕ್ಕೆ ಒಂಬತ್ತು ವರ್ಷ ನಾವಿಬ್ಬರು ಒಂದೇ ಲೋಕಲ್ ರೈಲಿನಲ್ಲಿ ಹೋಗಿ ಬಂದವರು. ನಾನು ಉಡುಪಿ ಕಡೆಯವಳು, ಅಕ್ಕ ವಿಜಯಪುರದವರು. ರಕ್ತಸಂಬಂಧವೇನೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಲೇಡೀಸ್ ಡಬ್ಬಿಯಲ್ಲಿ ನಾನು ಫೋನಿನಲ್ಲಿ ಮಾತಾಡಿದ್ದು ಕೇಳಿ, "ಕನ್ನಡದಾಕಿ ಏನವ್ವಾ ನೀ?" ಎಂದು ಸರಿದು ಕೂತು ಜಾಗ ಕೊಟ್ಟರು. ಇಳಿದು ನಡೆದಾಗ ಗೊತ್ತಾಯಿತು, ಇಬ್ಬರದೂ ಒಂದೇ ಕಾರ್ಖಾನೆ.

ಹಿತ್ತಾಳೆಯ ನಲ್ಲಿಗಳಿಗೆ ಪಾಲಿಶ್ ಮಾಡುವ ಸಣ್ಣ ಜಾಗ ಅದು. ಗಂಡಸರು ಯಂತ್ರದ ಮುಂದೆ. ನಾವು ಆರು ಹೆಂಗಸರು ನಲ್ಲಿಗಳನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಡಬ್ಬಕ್ಕೆ ತುಂಬುವವರು. ಮಾಲೀಕ ಸೇಠ್ ಕೆಟ್ಟ ಮನುಷ್ಯನಲ್ಲ. ಕನ್ನಡಕ, ಮಾಸ್ಕ್, ಕೈಗವಸು ಎಲ್ಲ ತರಿಸಿದ್ದ. ಕೈಗವಸುಗಳೆಲ್ಲ ಗಂಡಸರ ಅಳತೆಯವು, ನಮ್ಮ ಬೆರಳಿಗೆ ನಿಲ್ಲುತ್ತಿರಲಿಲ್ಲ. ಅದನ್ನೂ ಸಹಿಸಬಹುದಿತ್ತು. ಆದರೆ ಇದ್ದದ್ದು ಒಂದೇ ಕಕ್ಕಸು, ಅದೂ ಯಂತ್ರಗಳ ಹಿಂದೆ, ಚಿಲಕವಿಲ್ಲದ್ದು. ಗಂಡಸರಿಗೆ ಅದು ಕಷ್ಟವೇ ಅನ್ನಿಸಲಿಲ್ಲ. ನಾವು ಸ್ಟೇಷನ್ ತನಕ ನಡೆಯಬೇಕಿತ್ತು.

ಅಕ್ಕ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಬೆಳಿಗ್ಗೆ ಮನೆಯಲ್ಲಿ ಅರ್ಧ ಕಪ್ ಚಹಾ ಕುಡಿದರೆ ಮತ್ತೆ ಸಂಜೆ ಮನೆಗೆ ಮುಟ್ಟಿದ ಮೇಲೆಯೇ ನೀರು. ಮೇ ತಿಂಗಳಲ್ಲೂ ಹಾಗೆಯೇ.

"ಒಂದು ಗುಟುಕಾದರೂ ಕುಡಿಯಿರಿ ಅಕ್ಕ," ಎಂದು ನಾನು ಬಾಟಲಿ ಚಾಚುತ್ತಿದ್ದೆ.

"ಕುಡದ್ರ ಹೋಗಬೇಕಾಗ್ತೈತಿ. ಹೋದ್ರ ಸೂಪರ್‌ವೈಸರ್ ಗಡಿಯಾರ ನೋಡ್ತಾನ. ಬ್ಯಾಡ ಬಿಡವ್ವಾ, ರೂಢಿ ಆಗೇತಿ."

ನಿಜ ಹೇಳಬೇಕೆಂದರೆ, ನಾನೂ ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ಕುಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಬಿಸಿನೀರಿನ ತೊಟ್ಟಿಯ ಪಕ್ಕದಲ್ಲಿ ಅಕ್ಕ ಕುಸಿದರು. ಜ್ವರ, ನಡುಕ. ಎರಡು ವಾರದಿಂದ ಉರಿಮೂತ್ರವಿತ್ತಂತೆ, ನನಗೂ ಹೇಳಿರಲಿಲ್ಲ. ಟ್ಯಾಕ್ಸಿಯಲ್ಲಿ ಸಯನ್‌ನ ಆಸ್ಪತ್ರೆಗೆ ಒಯ್ದೆವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದಾಗ ಅಕ್ಕ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು. ನನಗೆ ಅಲ್ಲೇ ಅಳು ಬಂತು. ತಪ್ಪು ಅವರದಲ್ಲ.

ಮರುದಿನ ನಾವು ಐದೂ ಜನ ಕೆಲಸಕ್ಕೆ ಕೈ ಹಚ್ಚದೆ ಸೇಠ್‌ನ ಮೇಜಿನ ಮುಂದೆ ನಿಂತೆವು.

"ಇಷ್ಟು ವರ್ಷ ಯಾರೂ ಕಂಪ್ಲೇಂಟ್ ಮಾಡಿಲ್ಲವಲ್ಲ?" ಎಂದು ಅವನು ಹಿಂದಿಯಲ್ಲಿ ಕೇಳಿದ.

"ಇದನ್ನೆಲ್ಲ ಗಂಡಸರ ಮುಂದೆ ಹೇಗೆ ಹೇಳೋದು ಸೇಠ್? ಅಕ್ಕ ಹೇಳಲಾರದೆಯೇ ಆಸ್ಪತ್ರೆಯಲ್ಲಿ ಮಲಗಿದ್ದಾರೆ," ಎಂದೆ, ನನ್ನ ಮುರುಕು ಹಿಂದಿಯಲ್ಲೇ.

ಅವನು ಎದ್ದು ಹೋಗಿ ಆ ಚಿಲಕವಿಲ್ಲದ ಬಾಗಿಲನ್ನು ನೋಡಿ ಬಂದ. ತಿಂಗಳೊಳಗೆ ಪ್ಯಾಕಿಂಗ್ ಕೋಣೆಯ ಮೂಲೆಯಲ್ಲಿ ನಮಗಾಗಿಯೇ ಒಂದು ಕಕ್ಕಸು ಎದ್ದಿತು. ಒಳಗಿನಿಂದ ಚಿಲಕ, ಒಂದು ಬಲ್ಬು, ಬಕೆಟ್ಟು. ಮೊದಲ ಸಲ ಬಾಗಿಲು ಹಾಕಿಕೊಂಡು ಒಳಗೆ ಸುಮ್ಮನೆ ಸ್ವಲ್ಪ ಹೊತ್ತು ನಿಂತೆ. ಇದನ್ನು ಅಕ್ಕ ನೋಡಬೇಕಿತ್ತು.

ಅಕ್ಕ ಮರಳಿ ಬರಲಿಲ್ಲ. ನಿಂತು ಮಾಡುವ ಕೆಲಸ ಇನ್ನು ಬೇಡ ಎಂದರಂತೆ ಡಾಕ್ಟರು. ವಿಜಯಪುರದ ತಂಗಿಯ ಮನೆಗೆ ಹೋಗಿಬಿಟ್ಟರು. ಅಲ್ಲಿ ಕೂತಲ್ಲೇ ರವಿಕೆ ಹೊಲಿಯುತ್ತಾರೆ.

ವರ್ಷಕ್ಕೆ ನಾಲ್ಕೈದು ಸಲ ಫೋನ್ ಮಾಡುತ್ತೇನೆ. ನನ್ನ ಮೊಣಕಾಲು, ಅವರ ಮಾತ್ರೆ, ಎರಡೂ ಕಡೆಯ ಮಳೆ, ಎಲ್ಲ ಆಗುತ್ತದೆ. ಹಿಂದೊಮ್ಮೆ ಅವರು ತಡೆದು ತಡೆದು ಕೇಳಿದರು: "ನಿನ್ನಂಗ ಇಲ್ಲಿ ಯಾರೂ ನನಗ ಬೈಯೂದಿಲ್ಲ ನೋಡವ್ವಾ, ನೀರ ಕುಡೀರಿ, ಊಟ ಮಾಡ್ರಿ ಅಂತ. ನೀ ಯಾವಾಗ ಬರ್ತಿ?"

"ದಸರೆಗೆ ಬರ್ತೇನೆ ಅಕ್ಕ," ಎಂದೆ. ಎರಡು ದಸರೆ ದಾಟಿದವು. ಈ ಸಲ ರಜೆ ಕೇಳಿದ್ದೇನೆ.