ದೂರ ನಿಂತದ್ದಕ್ಕೆ ಕಾರಣ

ಎಪ್ಪತ್ತರ ದಶಕದಲ್ಲಿ ನಾನು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಆಗ ರೇಡಿಯಂ ತುಂಬಿದ ಸಣ್ಣ ಕೊಳವೆಗಳನ್ನು ಒಳಗಿಟ್ಟು, ರೋಗಿಯನ್ನು ಎರಡು ಮೂರು ದಿನ ಅಲುಗಾಡದಂತೆ ಮಲಗಿಸುತ್ತಿದ್ದರು. ಅದರ ಕಿರಣ ತಾಗಬಾರದೆಂದು ನಾವು ಸೀಸದ ಹಲಗೆಯ ಹಿಂದೆ ನಿಂತು, ಐದೇ ನಿಮಿಷದಲ್ಲಿ ಕೆಲಸ ಮುಗಿಸಿ ಹೊರಬರಬೇಕಿತ್ತು.

ಸಿಂದಗಿ ಕಡೆಯ ಗಂಗವ್ವ ಮೊದಲ ದಿನವೇ ನನ್ನನ್ನು ಕೇಳಿದಳು: "ಯವ್ವಾ, ನಾ ಯಾವ ಮಂದಿ ಅಂತ ತಿಳಕೊಂಡ ಬಂದೀಯೇನು? ನಮ್ಮೂರಾಗೂ ಹಿಂಗ ದೂರ ನಿಂತ ನೀರ ಹಾಕತಾರ."

ಐದು ನಿಮಿಷ ಮೀರಿದರೂ ನಿಂತು ಎಲ್ಲ ಬಿಡಿಸಿ ಹೇಳಿದೆ.

"ದೂರ ನಿಂತಿದ್ದು ನಿಮಗಲ್ರಿ, ಒಳಗಿಟ್ಟ ಔಷಧಕ್ಕ. ದೊಡ್ಡ ಡಾಕ್ಟರೂ ಇಲ್ಲೇ ನಿಲ್ತಾರ."

"ಡಾಕ್ಟರೂ ನನಗ ಅಂಜತಾರ ಅನ್ನು" ಎಂದು ಗಂಗವ್ವ ನಗತೊಡಗಿದಳು.

"ನಗಬ್ಯಾಡ್ರಿ, ಕೊಳವಿ ಸರೀತಾವ" ಎಂದು ಬೇಡಿಕೊಂಡೆ.

ಅಂದಿನಿಂದ ನಾನು ಒಳಗೆ ಹೋದರೆ ಸಾಕು, "ನಡಿಯವ್ವಾ ಹೊರಗ, ನಾಳೆ ಮದಿವಿ ಆಗೂ ಹುಡುಗಿ ನೀ" ಎಂದು ಆಕೆಯೇ ಓಡಿಸುತ್ತಿದ್ದಳು.

ಕೊಳವೆ ತೆಗೆದರು, ಕೆಲವು ತಿಂಗಳಲ್ಲಿ ಗಂಗವ್ವ ಗುಣವಾದಳು. ಮರುವರ್ಷ ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವಳೇ ಕೈ ಹಿಡಿದು ಮನೆಗೆ ಕರೆದೊಯ್ದಳು. ಆಕೆಯ ಮಗ್ಗುಲಲ್ಲೇ ಕೂತು ಉಂಡೆ. ಸಾಕೆಂದರೂ ತಟ್ಟೆಗೆ ಬಿಸಿರೊಟ್ಟಿ ಬೀಳುತ್ತಲೇ ಇತ್ತು. ವಾರ್ಡಿನಲ್ಲಿ ಒಲ್ಲೆ ಎಂದವರಿಗೆಲ್ಲ ಗದರಿಸಿ ತಿನ್ನಿಸುತ್ತಿದ್ದ ನನಗೆ, ಅವರ ಪಾಡು ಏನೆಂದು ತಿಳಿದದ್ದು ಐದನೆಯ ರೊಟ್ಟಿಯ ಹೊತ್ತಿಗೆ.