ತಪ್ಪು ನರ್ಸಮ್ಮನದಲ್ಲ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕುಳಿತು ಹತ್ತೊಂಬತ್ತು ವರ್ಷ ರೋಗಿಗಳ ದಾಖಲೆಯ ಡೇಟಾಬೇಸ್ ನೋಡಿಕೊಂಡವಳು ಅವಳು. ಯಾರು ಒಳಗೆ ಹೋಗಬಹುದು, ಹೋದವರು ಏನನ್ನು ತಿದ್ದಬಹುದು ಎಂಬುದೆಲ್ಲ ಅವಳ ಕೈಯಲ್ಲಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಬೀಗದಕ್ಕ. ಕೋಪ ಮೂಗಿನ ತುದಿಯಲ್ಲೇ. ಮನೆಯಲ್ಲಿ ಫ್ರಿಜ್ ತೆಗೆಯುವ ಮುನ್ನ ಗಂಡ, "ಪರ್ಮಿಷನ್ ಇದೆಯಾ?" ಎಂದು ರೇಗಿಸುತ್ತಿದ್ದ.

ಒಂದು ಬೆಳಿಗ್ಗೆ ಮಕ್ಕಳ ವಾರ್ಡಿನ ಹೊಸ ನರ್ಸ್ ಅತ್ತು ಮುಖ ಊದಿಸಿಕೊಂಡು ಬಂದಳು. ಕೈಯಲ್ಲಿ ಮೆಮೊ: ಮಗುವಿನ ಔಷಧಿ ನಲವತ್ತು ನಿಮಿಷ ತಡ, ಕಾರಣ ನಿರ್ಲಕ್ಷ್ಯ. ಪುಣ್ಯಕ್ಕೆ ಮಗುವಿಗೆ ಏನೂ ಆಗಿರಲಿಲ್ಲ.

"ಅಕ್ಕಾ, ಕಂಪ್ಯೂಟರಲ್ಲಿ ಔಷಧಿ ಪಟ್ಟಿ ತೆರೀದೆ ಔಷಧಿ ಕೊಡೋ ಹಾಗಿಲ್ಲ. ನಾನು ಹಾಕೋದು ಅದೇ ಪಾಸ್‌ವರ್ಡ್. ಒಂದ್ಸಲ ಒಳಗೆ ಬಿಡತ್ತೆ, ಇನ್ನೊಂದ್ಸಲ ಅನುಮತಿ ಇಲ್ಲ ಅನ್ನತ್ತೆ. ಮೂರು ಸಲ ಹಾಗಾದ್ರೆ ಅರ್ಧ ಗಂಟೆ ಲಾಕ್. ಯಾರೂ ನಂಬಲ್ಲ."

ಮ್ಯಾನೇಜರಂತೂ ನಂಬಲಿಲ್ಲ. "ಆ ಹುಡುಗಿಗೆ ಟೈಪ್ ಮಾಡೋಕೆ ಬರಲ್ಲ. ಕಿರಿಕಿರಿ ಬೇಡ ಅಂದ್ರೆ ಎಲ್ಲರಿಗೂ ಪೂರ್ತಿ ಅಧಿಕಾರ ಕೊಟ್ಬಿಡಿ."

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ ಸಾರ್? ಆಮೇಲೆ ಯಾರು ಬೇಕಾದ್ರೂ ಯಾರ ಔಷಧಿ ಬೇಕಾದ್ರೂ ಅಳಿಸಬಹುದು!"

ಬೀಗದಕ್ಕ ಲಾಕ್ ತೆಗೆದಿಟ್ಟು, ನರ್ಸಿನ ಪಕ್ಕದಲ್ಲೇ ಕುಳಿತು ಇಪ್ಪತ್ತು ಸಲ ಲಾಗಿನ್ ಮಾಡಿಸಿದಳು. ಎಂಟು ಸಲ ತಿರಸ್ಕಾರ. ಕೆಲಸ ಹಂಚಿಕೊಳ್ಳುತ್ತಿದ್ದ ಎರಡು ಸರ್ವರ್‌ಗಳ ಪೈಕಿ ಆ ಎಂಟೂ ಎರಡನೆಯದಕ್ಕೇ ಹೋಗಿದ್ದವು. ಅದರ ಬಳಕೆದಾರರ ಪಟ್ಟಿ ತೆರೆದರೆ ಹೊಸ ನರ್ಸಿನ ಹೆಸರೇ ಇಲ್ಲ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಔಷಧಿ ವಿಭಾಗದವನು ಮಾತ್ರ ಪೂರ್ತಿ ಅಧಿಕಾರದೊಂದಿಗೆ ರಾಜನಂತೆ ಕೂತಿದ್ದಾನೆ. ಆ ಸರ್ವರ್ ಕೆಟ್ಟಿದ್ದಾಗ ರಿಪೇರಿಯವರು ಪಟ್ಟಿಯ ಹಳೆಯ ಪ್ರತಿ ಹಾಕಿದ್ದರು. "ಪಟ್ಟಿ ಹಳೆಯದು, ಸರಿಪಡಿಸಿಕೊಳ್ಳಿ" ಎಂದು ಪತ್ರವನ್ನೂ ಕೊಟ್ಟಿದ್ದರು. ಫೈಲಿನಿಂದ ಹುಡುಕಿ ತೆಗೆದರೆ ಅದರ ಮೇಲೆ ಮ್ಯಾನೇಜರನದೇ ಸಹಿ!

ಸರಿಪಡಿಸಲು ಹಿಡಿದದ್ದು ಹನ್ನೆರಡು ನಿಮಿಷ. ಪತ್ರವನ್ನು ಅವನ ಮೇಜಿನ ಮೇಲೆ ಬಡಿದಿಟ್ಟಳು.

"ಸರಿಹೋಯ್ತಲ್ಲ, ಬಿಡಿ ಇನ್ನ."

"ಹೇಗೆ ಬಿಡ್ಲಿ? ಆ ಹುಡುಗಿ ಫೈಲಲ್ಲಿ ನಿರ್ಲಕ್ಷ್ಯ ಅಂತ ಬರೆದಿದ್ದೀರಲ್ಲ, ಅದನ್ನ ಯಾರು ಅಳಿಸೋದು? ಓದದೆ ಸಹಿ ಹಾಕಿದ್ದು ಯಾರ ನಿರ್ಲಕ್ಷ್ಯ?"

ಕುರ್ಚಿ ಎಳೆದು ಕುಳಿತವಳು ಏಳಲಿಲ್ಲ. ಅವನು ಫೋನಿನಲ್ಲಿ ಮಾತಾಡಿದ, ಗಡಿಯಾರ ನೋಡಿದ, ಮೀಟಿಂಗ್ ಇದೆಯೆಂದ. ಮಧ್ಯಾಹ್ನದ ಹೊತ್ತಿಗೆ ಮೆಮೊ ಹಿಂಪಡೆದ ಪತ್ರಕ್ಕೆ ಸಹಿ ಬಿತ್ತು. ಕ್ಷಮೆ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಅದನ್ನು ನೆನೆದರೆ ಅವಳಿಗೆ ಇಂದಿಗೂ ಮೈ ಉರಿಯುತ್ತದೆ.