ಭಾವ ಎಂಜಿನ್ನಿಗೆ ಪೌಡರ್ ಹಾಕಿದ್ದು

ನನ್ನ ಅಕ್ಕನ ಗಂಡನಿಗೆ ಬೋಟು ನಿಲ್ಲುವ ಜೆಟ್ಟಿಯಲ್ಲಿ ‘ಮೂಗಿನ ಮೇಸ್ತ್ರಿ’ ಎಂದು ಹೆಸರು. ಮೂಗು ದೊಡ್ಡದಿದೆ ಎಂದು ಬಂದ ಹೆಸರಲ್ಲ, ಇರುವುದೇನೋ ದೊಡ್ಡದೇ. ವಯಸ್ಸಿನಲ್ಲಿದ್ದಾಗ ಭಾವ ಯಾರದ್ದೇ ಬೋಟಿನ ಎಂಜಿನ್ ಮುಚ್ಚಳ ಎತ್ತಿ, ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆದರೆ ಸಾಕು, ಬೆಲ್ಟು ಸುಡುತ್ತಿದೆಯೋ, ಆಯಿಲ್ ಕಾಯುತ್ತಿದೆಯೋ, ಡೀಸೆಲ್ ಸೋರುತ್ತಿದೆಯೋ ಹೇಳಿಬಿಡುತ್ತಿದ್ದರಂತೆ. ‘ಅಂತೆ’ ಎಂದೆ, ಏಕೆಂದರೆ ಇದನ್ನು ನನಗೆ ಹೇಳಿದವರು ಭಾವನೇ.

ಈಗ ಅವರಿಗೆ ಅರವತ್ತೆರಡು. ನಲವತ್ತು ವರ್ಷ ಡೀಸೆಲ್ ಹೊಗೆ ಕುಡಿದ ಆ ಮೂಗು ಯಾವತ್ತೋ ಕೆಲಸ ಬಿಟ್ಟಿದೆ. ಅವರು ಅಡುಗೆಮನೆಯಲ್ಲೇ ಕೂತು ಪೇಪರ್ ಓದುತ್ತಿರುವಾಗ ಹಾಲು ಉಕ್ಕಿ ಸೀದುಹೋದರೂ, ಅಕ್ಕ ಹಿತ್ತಲಿನಿಂದ ಓಡಿಬಂದು ಬೈದ ಮೇಲೆಯೇ ಅವರಿಗೆ ವಿಷಯ ತಿಳಿಯುವುದು. ಹಾಗೆಂದು ಅವರೆದುರು ಯಾರೂ ತುಟಿ ಬಿಚ್ಚುವಂತಿಲ್ಲ. ನಾನಂತೂ ಬಿಚ್ಚುವುದಿಲ್ಲ. ಹದಿನೈದು ವರ್ಷದಿಂದ ಅವರ ಬೋಟಿನ ಸ್ಟಿಯರಿಂಗ್ ಹಿಡಿದು ಅನ್ನ ತಿನ್ನುವವನು ನಾನು.

ಬೋಟು ಎಂದರೆ ಇಪ್ಪತ್ತು ಜನ ಕೂರುವಷ್ಟು. ನಮ್ಮ ದಡದಿಂದ ಎದುರು ದಡಕ್ಕೆ ಮುಕ್ಕಾಲು ಗಂಟೆ. ಟೀಚರು, ನರ್ಸು, ಮೊಟ್ಟೆ ಮಾರುವವನು, ಅವನ ಮೊಟ್ಟೆ, ಎಲ್ಲರೂ ಅದರಲ್ಲಿ ಓಡಾಡಿದ್ದಾರೆ. ಓಡಾಡದವಳು ನಮ್ಮಕ್ಕ ಒಬ್ಬಳೇ. ಮದುವೆಯಾದ ಹೊಸದರಲ್ಲಿ ಭಾವ ಅವಳನ್ನು ಕೂರಿಸಿಕೊಂಡು ಒಂದು ಸುತ್ತು ಹೊರಟರು. ಬೇರೆ ಗಂಡಂದಿರು ಹೊಸ ಹೆಂಡತಿಗೆ ಸಿನಿಮಾ ತೋರಿಸುತ್ತಾರೆ, ಇವರಿಗೆ ಎಂಜಿನ್ ತೋರಿಸುವ ಆಸೆ. ನಡುನೀರಿನಲ್ಲಿ ಅಕ್ಕ ಅವರ ಇಸ್ತ್ರಿ ಮಾಡಿದ ಅಂಗಿಯ ಮೇಲೆಯೇ ವಾಂತಿ ಮಾಡಿಕೊಂಡು, “ಡೀಸೆಲ್ ವಾಸನೆ ರೀ, ನನಗಾಗಲ್ಲ” ಎಂದಳು. ಆಮೇಲೆ ಮೂವತ್ತಮೂರು ವರ್ಷ ಅವಳು ಬೋಟಿನ ಕಡೆ ತಲೆ ಹಾಕಲಿಲ್ಲ. ಎದುರು ದಡಕ್ಕೆ ಹೋಗಬೇಕಾದರೆ ಎರಡು ಬಸ್ಸು ಬದಲಿಸಿ, ಆರು ಗಂಟೆ ಸುತ್ತಿಕೊಂಡು ಹೋಗುತ್ತಿದ್ದಳು. ಭಾವನಿಗೆ ಮನೆಯಲ್ಲಿ ಮುಂಬಾಗಿಲು ಬಂದ್. ಕೆಲಸ ಮುಗಿಸಿ ಹಿಂದಿನ ಬಾಗಿಲಿಗೆ ಬಂದು, ಬಟ್ಟೆ ಬಕೆಟ್ಟಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿದ ಮೇಲೆಯೇ ಒಳಗೆ ಪ್ರವೇಶ.

ಹೀಗಿರುವಾಗ ಎದುರು ದಡಕ್ಕೆ ಮದುವೆಯಾಗಿ ಹೋಗಿದ್ದ ಅವರ ಮಗಳು ಹೆತ್ತಳು. ಹೆಣ್ಣು ಮಗು, ಆಗಲೇ ಮೂರು ವಾರವಾಗಿತ್ತು. ಅಕ್ಕನ ಮಂಡಿ ಎರಡೂ ಊದಿಕೊಂಡಿದ್ದವು, ಬಸ್ಸಿನ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ದಿನಾ ಫೋನಿನಲ್ಲಿ ಮಗುವಿನ ಮುಖ ನೋಡುತ್ತಿದ್ದಳು, ಫೋನ್ ಇಟ್ಟ ಮೇಲೆ ಗೋಡೆ ನೋಡುತ್ತಾ ಕೂರುತ್ತಿದ್ದಳು. ನಮ್ಮಕ್ಕ ಬೈಯುತ್ತಿದ್ದರೆ ಮನೆ ಕ್ಷೇಮವಾಗಿದೆ ಎಂದರ್ಥ. ಅವಳು ಸುಮ್ಮನಾದದ್ದು ನೋಡಿ ಭಾವನಿಗೂ ನನಗೂ ದಿಗಿಲಾಯಿತು. ಬುಧವಾರ ಅವಳೇ ಬಾಯಿ ತೆರೆದಳು.

“ಭಾನುವಾರ ನಿಮ್ಮ ಬೋಟಲ್ಲೇ ಬರ್ತೀನಿ. ಆದ್ರೆ ಡೀಸೆಲ್ ವಾಸನೆ ಒಂಚೂರೂ ಇರಬಾರದು ನೋಡಿ.”

“ನನ್ನ ಬೋಟಲ್ಲಿ ವಾಸನೆನಾ? ಎಲ್ಲಿದೆ ವಾಸನೆ?” ಎಂದರು ಭಾವ.

ಅಕ್ಕ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ.

ವಾಸನೆ ಇತ್ತು. ಎಂಜಿನ್ನಿನ ಹಿಂಭಾಗದಿಂದ ಎಲ್ಲೋ ಹನಿ ಹನಿ ಡೀಸೆಲ್ ಸೋರಿ, ಒಂದು ಸಲ ಹೋಗಿ ಬರುವಷ್ಟರಲ್ಲಿ ಕೆಳಗಿನ ತಗಡಿನಲ್ಲಿ ಒಂದು ಬೊಗಸೆ ನಿಲ್ಲುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂರುವ ಟೀಚರು ಎರಡು ತಿಂಗಳಿನಿಂದ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಬರುತ್ತಿದ್ದರು. ಅವರಿಗೇನೋ ಶೀತ ಇರಬೇಕು ಎಂದು ಭಾವ ಕನಿಕರಪಡುತ್ತಿದ್ದರು.

ಗುರುವಾರ ಮಧ್ಯಾಹ್ನದ ಟ್ರಿಪ್ಪು ಮುಗಿದ ಮೇಲೆ ಭಾವ ಮುಚ್ಚಳ ಎತ್ತಿದರು. ಕಣ್ಣು ಮುಚ್ಚಿ ಉಸಿರೆಳೆದರು. ಅವರ ಮುಖದಲ್ಲಿ ಒಂದು ಶಾಂತಿ ಮೂಡಿತು.

“ಏನೂ ಇಲ್ಲ.”

ನಾನು ತಗಡಿನಲ್ಲಿ ನಿಂತ ಡೀಸೆಲ್ ತೋರಿಸಿದೆ. “ಇದು ಹಳೇದು” ಎಂದರು. ಬೆಳಗ್ಗೆಯಷ್ಟೇ ಒರೆಸಿದ್ದೆ ಎಂದೆ. ಆಗ ಭಾವ ಎರಡನೆಯ ಉಪಾಯಕ್ಕೆ ಕೈ ಹಾಕಿದರು. ಒಂದೊಂದೇ ಜೋಡಣೆಯನ್ನು ಬೆರಳಿನಿಂದ ಮುಟ್ಟಿ ನೋಡುವುದು, ಒದ್ದೆ ಹತ್ತಿದರೆ ಅಲ್ಲಿ ಸೋರುತ್ತಿದೆ ಎಂದು ತಿಳಿಯುವುದು. ಉಪಾಯ ಒಳ್ಳೆಯದೇ. ಆದರೆ ಭಾವನ ಬೆರಳು ನಲವತ್ತು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಒಣಗಿದ್ದೇ ಇಲ್ಲ. ಫಿಲ್ಟರ್ ಮುಟ್ಟಿದರೂ ಒದ್ದೆ, ಪಂಪು ಮುಟ್ಟಿದರೂ ಒದ್ದೆ, ಡೀಸೆಲ್ ಚಿಮ್ಮಿಸುವ ನಾಜಲ್ ಮುಟ್ಟಿದರೂ ಒದ್ದೆ. “ಇಲ್ಲೂ ಸೋರ್ತಿದೆ! ಅಯ್ಯೋ, ಇಲ್ಲೂ!” ಎನ್ನುತ್ತಾ ಇದ್ದಬದ್ದ ಹದಿನಾಲ್ಕು ಬೋಲ್ಟುಗಳನ್ನೂ ಹಲ್ಲು ಕಚ್ಚಿ ಬಿಗಿ ಮಾಡಿದರು. ಬೆಲ್ಟಿಗೆ ಕೈ ಸಿಗದಂತೆ ಹಾಕಿದ ತಂತಿ ಬಲೆಯನ್ನೂ ಬಿಡಲಿಲ್ಲ, ಅದಕ್ಕೂ ಡೀಸೆಲ್ಲಿಗೂ ಏನು ಸಂಬಂಧವೋ ಅವರಿಗೇ ಗೊತ್ತು.

“ಭಾವ, ಒಂದ್ಸಲ ಕೈ ಒರೆಸಿಕೊಂಡು ಮುಟ್ಟಿ ನೋಡಿ.”

“ನೀನು ನಿನ್ನ ಸ್ಟಿಯರಿಂಗ್ ನೋಡ್ಕೋ.”

ಶುಕ್ರವಾರ ಮೂರು ಟ್ರಿಪ್ಪಾದ ಮೇಲೆ ತಗಡಿನಲ್ಲಿ ಎಂದಿನಷ್ಟೇ ಡೀಸೆಲ್ ನಿಂತಿತ್ತು. ಸಂಜೆ ನಾನೂ ಮನೆಗೆ ಹೋದೆ. ಭಾವ ಸ್ನಾನ ಮಾಡಿ, ತಲೆ ಬಾಚಿ, ಏನೂ ಆಗದವರ ಹಾಗೆ ಬಂದು ಕೂತರು.

“ಸರಿ ಆಯ್ತಾ?” ಎಂದಳು ಅಕ್ಕ.

“ಆಗ್ತಾ ಇದೆ.”

“ಆಗಿಲ್ಲ ಅಂತ ನೀವು ಹಿತ್ತಲಿಗೆ ಕಾಲಿಟ್ಟಾಗ್ಲೇ ನನಗೆ ಗೊತ್ತಾಯ್ತು.” ತಟ್ಟೆ ಇಡುತ್ತಾ ಅವಳು ಮುಂದುವರಿಸಿದಳು. “ನಮ್ಮ ಸೀಮೆಎಣ್ಣೆ ಸ್ಟವ್ ಸೋರ್ತಿತ್ತಲ್ಲ, ಆಗ ನಾನೇನು ಮಾಡಿದೆ? ಪೂರ್ತಿ ಒರೆಸಿ, ಒಣಗಿಸಿ, ಮೈದಾ ಉದುರಿಸಿದೆ. ಎಲ್ಲಿ ಮೊದ್ಲು ಒದ್ದೆ ಆಯ್ತೋ ಅಲ್ಲೇ ತೂತು.”

“ಕೇಳಿದ್ಯೇನಯ್ಯಾ?” ಭಾವ ನನ್ನ ಕಡೆ ತಿರುಗಿದರು. “ನಲವತ್ತು ವರ್ಷದ ಮೇಸ್ತ್ರಿಗೆ ಮೈದಾ ಹಿಟ್ಟಿನ ಪಾಠ!”

ಅಕ್ಕ ಮಗುವಿಗೆಂದು ಹೊಲಿದ ಎರಡು ಪುಟ್ಟ ಅಂಗಿಗಳನ್ನು ಮಡಚಿ ಚೀಲಕ್ಕೆ ಹಾಕಿದಳು, ಮತ್ತೆ ಹೊರತೆಗೆದು ಇನ್ನೊಂದು ಥರ ಮಡಚಿದಳು. ಭಾವ ಅದನ್ನು ನೋಡಿದರು. ಆಮೇಲೆ ಅವರ ಜಂಬದ ಗಾಳಿ ಇಳಿಯಿತು, ತಲೆ ತಗ್ಗಿಸಿ ಉಂಡರು.

ಶನಿವಾರ ಮಧ್ಯಾಹ್ನ ಬಂದಾಗ ಭಾವನ ಅಂಗಿಯೊಳಗೆ ಏನೋ ಉಬ್ಬಿಕೊಂಡಿತ್ತು. ನೋಡಿದರೆ ಅಕ್ಕನ ಮುಖದ ಪೌಡರ್ ಡಬ್ಬಿ.

“ಬೆವರು ಜಾಸ್ತಿ, ಅದಕ್ಕೆ ತಂದೆ” ಎಂದರು. ನಾನು ಹೌದೌದು ಎಂದು ತಲೆಯಾಡಿಸಿದೆ.

ಇಬ್ಬರೂ ಕೂತು ಒಂದು ಗಂಟೆ ಎಂಜಿನ್ ಒರೆಸಿದೆವು. ಹಳೆ ಬನಿಯನ್, ಹಳೆ ಟವೆಲ್, ಕೊನೆಗೆ ನನ್ನ ಕರ್ಚೀಫು. ತಗಡಿನ ಡೀಸೆಲ್ಲನ್ನು ಬಕೆಟ್ಟಿಗೆ ಬಳಿದು ಸೋಪಿನ ನೀರಿನಲ್ಲಿ ತೊಳೆದೆವು. ಭಾವ ಮೂರು ಸಲ ಕೈ ತೊಳೆದರು. ಆಮೇಲೆ ಡಬ್ಬಿ ತೆಗೆದು, ಆಚೀಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣು ಹಾಯಿಸಿ, ಪೈಪು, ಜೋಡಣೆ, ಬೋಲ್ಟು ಒಂದನ್ನೂ ಬಿಡದೆ ಪೌಡರ್ ಉದುರಿಸಿದರು. ಆಗಷ್ಟೇ ಸ್ನಾನ ಮಾಡಿಸಿದ ಕೂಸಿನಂತೆ ಎಂಜಿನ್ ಬೆಳ್ಳಗೆ ಕೂತಿತ್ತು. ಪಕ್ಕದ ಬೋಟಿನವನು ಇಣುಕಿ, “ಏನ್ ಮೇಸ್ತ್ರಿ, ಎಂಜಿನ್ನಿಗೆ ಹೆಣ್ಣು ನೋಡೋಕೆ ಬರ್ತಿದಾರಾ?” ಎಂದ. ಭಾವ ಕೇಳಿಸದವರಂತೆ ಎಂಜಿನ್ ಚಾಲು ಮಾಡಿದರು.

ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಮೂರನೆಯ ನಾಜಲ್ಲಿನ ಹಿಂದೆ, ಉಳಿಕೆ ಡೀಸೆಲ್ ಟ್ಯಾಂಕಿಗೆ ಮರಳುವ ಸಣ್ಣ ಪೈಪಿನ ಬುಡದಲ್ಲಿ, ಬಿಳಿ ಪೌಡರ್ ಮೇಲೆ ದಾರದಷ್ಟು ಸಪೂರ ಒಂದು ಗೆರೆ ಮೂಡಿ ಕೆಳಗಿಳಿಯಿತು. ಇಬ್ಬರೂ ಬಗ್ಗಿ ನೋಡಿದೆವು. ಭಾವ ಎಂಜಿನ್ ನಿಲ್ಲಿಸಿ, ಬೋಲ್ಟು ಬಿಚ್ಚಿ, ಅದರ ಕೆಳಗಿದ್ದ ತಾಮ್ರದ ವಾಷರನ್ನು ಅಂಗೈ ಮೇಲೆ ಇಟ್ಟುಕೊಂಡರು.

ಭಾವನ ತಾಮ್ರದ ವಾಷರುಗಳ ಕಥೆ ಹೇಳಲೇಬೇಕು. ಹೊಸ ವಾಷರ್ ಕೊಳ್ಳುವುದು ಕೈಲಾಗದವರ ಕೆಲಸ ಎಂದು ಅವರ ನಂಬಿಕೆ. ಹಳೆಯದನ್ನು ಅಕ್ಕನ ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ನೀರಿಗೆ ಅದ್ದುತ್ತಾರೆ. ಗಟ್ಟಿಯಾಗಿದ್ದ ತಾಮ್ರ ಮೆತ್ತಗಾಗಿ ಮತ್ತೆ ಕೂರುತ್ತದೆ. ಒಮ್ಮೆಯೋ ಎರಡು ಸಲವೋ ಸರಿ. ಹಾಗೆ ಕಾಯಿಸಿದಾಗಲೆಲ್ಲ ಲೆಕ್ಕಕ್ಕಿರಲಿ ಎಂದು ಅಂಚಿನಲ್ಲಿ ಅರದಿಂದ ಒಂದು ಗೀರು ಹಾಕುತ್ತಾರೆ. ಅಂಗೈ ಮೇಲಿದ್ದ ವಾಷರಿನಲ್ಲಿ ಐದು ಗೀರುಗಳಿದ್ದವು. ಸವೆದು ಕಾಗದದಷ್ಟು ತೆಳ್ಳಗಾಗಿತ್ತು.

“ಯಾರೋ ತಲೆ ಇಲ್ಲದವನು ಹಾಕಿದಾನೆ” ಎಂದರು ಭಾವ.

“ಹೌದು ಭಾವ” ಎಂದೆ.

ಬಿಡಿಭಾಗದ ಅಂಗಡಿಗೆ ನಾನೂ ಜೊತೆಗೆ ಹೋದೆ, ಆ ನೋಟ ತಪ್ಪಿಸಿಕೊಳ್ಳುವ ಮನಸ್ಸಿರಲಿಲ್ಲ. “ಹೊಸ ವಾಷರಾ? ಮೇಸ್ತ್ರಿ, ಮೈಗೆ ಹುಷಾರಿದೆ ತಾನೇ?” ಎಂದು ಅಂಗಡಿಯವನು ಎದ್ದು ನಿಂತ. ಭಾವ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಎರಡು ವಾಷರ್ ತೆಗೆದುಕೊಂಡರು, ಪೈಪಿನ ಬುಡಕ್ಕೆ ಮೇಲೊಂದು ಕೆಳಗೊಂದು ಬೇಕು. ಹಾಕಿ, ಹದವಾಗಿ ಬಿಗಿ ಮಾಡಿ, ಮತ್ತೆ ಪೌಡರ್ ಉದುರಿಸಿ, ಅರ್ಧ ಗಂಟೆ ಎಂಜಿನ್ ಓಡಿಸಿದೆವು. ಪೌಡರ್ ಬೆಳ್ಳಗೇ ಉಳಿಯಿತು.

“ಏ, ನೀನೊಮ್ಮೆ ಮೂಸಿ ನೋಡು” ಎಂದರು ಭಾವ.

ಹದಿನೈದು ವರ್ಷದಲ್ಲಿ ಅವರು ಇನ್ನೊಬ್ಬರ ಮೂಗನ್ನು ಕೇಳಿದ್ದು ಅದೇ ಮೊದಲು. ನಾನು ಬಗ್ಗಿ ಮೂಸಿದೆ. ಗುಲಾಬಿ ಪೌಡರಿನ ವಾಸನೆ ಬಿಟ್ಟು ಬೇರೇನೂ ಇಲ್ಲ ಎಂದೆ.

“ಸರಿಯಾಗಿ ನೋಡೋ. ಅವಳು ಮಗು ನೋಡ್ಬೇಕು.”

ಅವರನ್ನು ಗೇಲಿ ಮಾಡುವುದೇ ನನ್ನ ಕಸುಬು, ಆದರೆ ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ತುಂಬಾ ಪ್ರೀತಿ ಬಂತು. ಎರಡು ಸಲ ಮೂಸಿ ನೋಡಿ, ಆಣೆ ಮಾಡಿ ಹೇಳಿದೆ.

ಭಾನುವಾರ ಬೆಳಗ್ಗೆ ಅಕ್ಕ ನನ್ನ ಹೆಗಲು ಹಿಡಿದು, ಚೀಲ ಎದೆಗವುಚಿಕೊಂಡು ಬೋಟು ಹತ್ತಿದಳು. ಮುಂದಿನ ಸೀಟಿನಲ್ಲಿ ಭಾವ ಮನೆಯ ದಿಂಬು ತಂದು ಹಾಕಿದ್ದರು. ಗಾಳಿ ಇತ್ತು, ನೀರು ಸ್ವಲ್ಪ ಎದ್ದಿತ್ತು. ಐದೈದು ನಿಮಿಷಕ್ಕೊಮ್ಮೆ ಭಾವ ಎಂಜಿನ್ ಬಿಟ್ಟು ಮುಂದೆ ಬರುವರು.

“ಹೇಗಿದೆ? ವಾಸನೆ ಬರ್ತಿದೆಯಾ?”

“ಏನೂ ಇಲ್ಲ ರೀ.”

ಭಾವ ಗೆದ್ದವರಂತೆ ಹಿಂದೆ ಹೋಗುವರು. ಅಕ್ಕ ತುಟಿ ಬಿಗಿದು ನಗುತ್ತಿದ್ದಳು. ಪಕ್ಕದ ಕಂಬಿ ಹಿಡಿದ ಅವಳ ಬೆರಳುಗಳು ಬಿಳುಚಿಕೊಂಡಿದ್ದನ್ನು ಸ್ಟಿಯರಿಂಗ್ ಹತ್ತಿರದಿಂದ ನಾನು ಕಂಡೆ. ಹೆದರಿಕೆ ಇರಬೇಕು ಎಂದುಕೊಂಡೆ.

ದಡ ಬಂತು. ಭಾವ ಹಗ್ಗ ಕಟ್ಟುತ್ತಿರುವಾಗ ನಾನು ಅಕ್ಕನನ್ನು ಮೆಟ್ಟಿಲು ಹತ್ತಿಸಿದೆ. ಟಿಕೆಟ್ ಕೋಣೆಯ ಹಿಂದಕ್ಕೆ ತಿರುಗಿದ್ದೇ ತಡ, ಅವಳು ಗೋಡೆಗೆ ಕೈ ಕೊಟ್ಟು ಬಗ್ಗಿ, ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಳು.

“ಅಕ್ಕಾ! ವಾಸನೆ ಇತ್ತಾ? ನಾನು ಎರಡು ಸಲ ಮೂಸಿದ್ದೆ!”

“ಇರಲಿಲ್ಲ ಕಣೋ. ಸತ್ಯವಾಗ್ಲೂ ಇರಲಿಲ್ಲ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಬೋಟು ಓಲಾಡುತ್ತಲ್ಲ, ಅದು. ಅವತ್ತೂ ಅದೇ ಇರ್ಬೇಕು. ಸುಮ್ಸುಮ್ನೆ ಮೂವತ್ತಮೂರು ವರ್ಷ ಆ ಮನುಷ್ಯನ್ನ ಹಿಂದಿನ ಬಾಗಿಲಲ್ಲಿ ನಿಲ್ಲಿಸಿದೆ.”

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಾನು ಭಾವನನ್ನು ಕೂಗಲು ಬಾಯಿ ತೆರೆದೆ.

“ಅವರಿಗೆ ಹೇಳಿದ್ರೆ ನಿನ್ನ ಕಾಲು ಮುರೀತೀನಿ. ನೀರು ತಗೊಂಡು ಬಾ.”

ನಾನು ನೀರು ತಂದುಕೊಟ್ಟೆ. ಅವಳು ಬಾಯಿ ಮುಕ್ಕಳಿಸಿ, ಮುಖ ತೊಳೆದು, ಕೂದಲು ಸರಿಮಾಡಿಕೊಳ್ಳುವಷ್ಟರಲ್ಲಿ ಭಾವ ಎದೆ ಸೆಟೆಸಿಕೊಂಡು ಮೆಟ್ಟಿಲು ಹತ್ತಿ ಬಂದರು.

“ಈಗ ಹೇಳು, ಹೇಗಿತ್ತು?”

“ವಾಸನೆ ಅನ್ನೋದೇ ಇಲ್ಲ ರೀ. ಇಷ್ಟು ಚೆನ್ನಾಗಿ ರಿಪೇರಿ ಮಾಡೋಕೆ ಬರುತ್ತೆ ಅಂದ್ರೆ, ಮೊದ್ಲೇ ಮಾಡೋಕೇನಾಗಿತ್ತು?”

“ಹಾಗಾದ್ರೆ ಇನ್ಮೇಲೆ ಪ್ರತಿ ಭಾನುವಾರ ಬರ್ತೀಯಾ?”

ಅಕ್ಕ ಒಂದು ಕ್ಷಣ ಕೆಳಗೆ ಕುಣಿಯುತ್ತಿದ್ದ ಬೋಟಿನ ಕಡೆ ನೋಡಿದಳು.

“ಬರ್ತೀನಿ” ಎಂದಳು.

ಮಗುವಿಗೆ ಈಗ ಎಂಟು ತಿಂಗಳು. ಅಕ್ಕ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ದಡ ಮುಟ್ಟಿದ ಕೂಡಲೇ ನಾನು ನೀರಿನ ಬಾಟಲಿ ಹಿಡಿದು ಟಿಕೆಟ್ ಕೋಣೆಯ ಹಿಂದೆ ಅವಳ ಜೊತೆ ಹೋಗುತ್ತೇನೆ. ಕೆಳಗೆ ಭಾವ ಹಗ್ಗ ಕಟ್ಟುತ್ತಾ, ತನ್ನ ಬೋಟಿನಲ್ಲಿ ಹೆಂಡತಿಯೂ ಬರುತ್ತಾಳೆ ಎಂದು ಇಳಿಯುವವರಿಗೂ ಹತ್ತುವವರಿಗೂ ಹೇಳುತ್ತಿರುತ್ತಾರೆ.